ಮಲ್ಲಿಯ ಬಾಯಿಕುಕ್ಕೆ: ಹತ್ತು ತಿಂಗಳು ಬಳಸಿದ ಮೇಲೆ

ರಬ್ಬರಿನ ಬುಟ್ಟಿ ಮಝಲ್ ಬಗ್ಗೆ ಬರೆಯುತ್ತಿದ್ದೇನೆ. ಎತ್ತಿನ ಬಾಯಿಗೆ ಕಟ್ಟುವ ಕುಕ್ಕೆಯದೇ ರೂಪ, ನಾಯಿಯ ಮೂತಿಗೆ ಹೊಂದುವ ಹಾಗೆ ಅಚ್ಚು ಹಾಕಿದ್ದಾರೆ ಅಷ್ಟೆ. ಹಾಗಾಗಿ ನಮ್ಮ ಮನೆಯಲ್ಲಿ ಅದಕ್ಕೆ ಬಾಯಿಕುಕ್ಕೆ ಅಂತಲೇ ಹೆಸರು. ಹತ್ತು ತಿಂಗಳಿಂದ ದಿನಕ್ಕೆ ಎರಡು ಹೊತ್ತು, ಮಳೆ ಬಿಸಿಲು ಅನ್ನದೆ, ನನ್ನ ಮಲ್ಲಿ ಇದನ್ನು ಹಾಕಿಕೊಂಡು ಓಡಾಡಿದ್ದಾಳೆ. ಈ ಮಾದರಿಯನ್ನು ಹಲವು ಕಂಪನಿಗಳು ಹೆಚ್ಚುಕಡಿಮೆ ಒಂದೇ ರೀತಿ ಮಾಡುತ್ತವೆ. ಅದಕ್ಕೇ ಕಂಪನಿಯ ಹೆಸರು ಬರೆಯುತ್ತಿಲ್ಲ. ಕೊಳ್ಳುವಾಗ ಏನು ನೋಡಬೇಕು ಅನ್ನುವುದನ್ನು ಬರೆಯುತ್ತೇನೆ.

ಮಲ್ಲಿಗೆ ಐದು ವರ್ಷ, 38 ಕಿಲೋ. ಕಪ್ಪು ಮೈ, ಹುಬ್ಬಿನ ಜಾಗದಲ್ಲಿ ಎರಡು ಕಂದು ಚುಕ್ಕೆ, ಅಗಲವಾದ ತಲೆ. ಪ್ರಾಣಿ ಆಶ್ರಯ ಕೇಂದ್ರದಿಂದ ಕರೆತಂದಾಗ ಕಾಗದದಲ್ಲಿ 'ರಾಟ್‌ವೀಲರ್ ಮಿಶ್ರ' ಎಂದಿತ್ತು, ಹೆಸರಿನ ಜಾಗದಲ್ಲಿ 'ಕಿಲ್ಲರ್' ಎಂದಿತ್ತು. ಹಿಂದಿನ ಮನೆಯವರು ಇಟ್ಟ ಹೆಸರು. ಅವತ್ತೇ ಬದಲಾಯಿಸಿದೆ. ರಸ್ತೆಯಲ್ಲಿ ನಿಂತು "ಕಿಲ್ಲರ್, ಬಾ" ಅಂತ ಕೂಗಿ, ಸುತ್ತಲಿನವರು ಹೆದರಬಾರದು ಅಂದರೆ ಆಗುತ್ತದೆಯೇ? ಇವಳು ಇವತ್ತಿನವರೆಗೆ ಯಾರನ್ನೂ ಕಚ್ಚಿಲ್ಲ. ಎಲ್ಲರೂ ಮೊದಲು ಕೇಳುವುದು ಅದನ್ನೇ, ಹಾಗಾಗಿ ಮೊದಲೇ ಹೇಳಿಬಿಟ್ಟೆ.

ಕಚ್ಚದ ನಾಯಿಗೆ ಕುಕ್ಕೆ ಯಾಕೆ ಬಂತು ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಅವಳು ಬಂದ ಎರಡನೇ ತಿಂಗಳು ಬಾಗಿಲ ಸಂದಿಯಲ್ಲಿ ಒಂದು ಪತ್ರ ಸಿಕ್ಕಿತು. ಕಟ್ಟಡದ ಹದಿನಾಲ್ಕು ಮನೆಯವರ ಸಹಿ. 'ಅಪಾಯಕಾರಿ ಜಾತಿಯ ನಾಯಿಯನ್ನು ಕೂಡಲೇ ಬೇರೆಡೆಗೆ ಸಾಗಿಸುವುದು.' ಒಬ್ಬರು ಪಿಟ್‌ಬುಲ್ ಅಂತ ಬರೆದಿದ್ದರು, ಅದರ ಕೆಳಗೆ ಇನ್ನೊಬ್ಬರು ರಾಟ್‌ವೀಲರ್ ಅಂತ ತಿದ್ದಿದ್ದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಲ್ಲಿ ನನ್ನ ಚಪ್ಪಲಿಯ ಮೇಲೆ ಗಲ್ಲ ಇಟ್ಟು ಮಲಗಿದ್ದಳು. ನಾನು ಕೂತು ಓದಿದೆ, ಮೂರು ಹಾಳೆ ಪ್ರಿಂಟ್ ತೆಗೆದೆ, ಮರುದಿನ ಸಭೆಗೆ ಹೋದೆ.

ಹಾಳೆಗಳಲ್ಲಿ ಇದ್ದದ್ದು ಸುಳ್ಳಲ್ಲ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ 18,385 ನಾಯಿಗಳ ಮಾಲೀಕರಿಂದ ಮಾಹಿತಿ ಪಡೆದು, 2,155 ನಾಯಿಗಳ ಜೀನೋಮ್, ಅಂದರೆ ಡಿಎನ್‌ಎಯನ್ನು, ಓದಿದ್ದರು. ಒಂದು ನಾಯಿಗೂ ಇನ್ನೊಂದಕ್ಕೂ ನಡವಳಿಕೆಯಲ್ಲಿ ಇರುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು 9 ಪರ್ಸೆಂಟ್ ಮಾತ್ರ. ಇನ್ನೊಂದು, 2015ರದು: ಅಮೆರಿಕದ ಫ್ಲಾರಿಡಾದ ನಾಲ್ಕು ಆಶ್ರಯ ಕೇಂದ್ರಗಳ 120 ನಾಯಿಗಳಲ್ಲಿ 62ನ್ನು ಅಲ್ಲಿನ ಸಿಬ್ಬಂದಿಯೇ ಪಿಟ್‌ಬುಲ್ ಬಗೆಯವು ಅಂದಿದ್ದರು, ಡಿಎನ್‌ಎ ನೋಡಿದರೆ ಅಂಥವು 25. ದಿನವೂ ನಾಯಿಗಳ ನಡುವೆ ಇರುವವರ ಕಣ್ಣೇ ಇಷ್ಟು ತಪ್ಪುತ್ತದೆ ಅಂದಮೇಲೆ, ಲಿಫ್ಟಿನಲ್ಲಿ ಅರ್ಧ ನಿಮಿಷ ನೋಡಿದವರು 'ಇದು ಆ ಜಾತಿ' ಅಂತ ಹೇಗೆ ಹೇಳುತ್ತಾರೆ? ಪಿಟ್‌ಬುಲ್ ದವಡೆ ಬೀಗದ ಹಾಗೆ ಬಿಗಿದುಕೊಳ್ಳುತ್ತದೆ ಅನ್ನುವ ಮಾತಿದೆಯಲ್ಲ, ಅದೂ ಸುಳ್ಳು, ಯಾವ ತಳಿಯ ದವಡೆಯಲ್ಲೂ ಅಂಥ ರಚನೆ ಇಲ್ಲ. ಎಲ್ಲವನ್ನೂ ಓದಿ ಹೇಳಿದೆ. ನನ್ನ ದನಿ ನಡುಗುತ್ತಿತ್ತು.

ಎರಡನೇ ಮಹಡಿಯ ಹಿರಿಯರೊಬ್ಬರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು, "ನೋಡಮ್ಮಾ, ಒಂಬತ್ತು ಪರ್ಸೆಂಟೋ ತೊಂಬತ್ತೋ ನನಗೆ ಗೊತ್ತಿಲ್ಲ. ಲಿಫ್ಟ್ ಬಾಗಿಲು ತೆಗೆದಾಗ ನನ್ನೆದುರು ನಿಂತಿರೋದು ನೂರಕ್ಕೆ ನೂರು ನಿನ್ನ ನಾಯಿ." ಅಷ್ಟು ಹೇಳಿ ಪ್ಯಾಂಟಿನ ಅಂಚನ್ನು ಮೊಣಕಾಲವರೆಗೆ ಎತ್ತಿದರು. ಮೀನಖಂಡದಲ್ಲಿ ಅಂಗೈ ಅಗಲದ ಗುಳಿ, ಅದರ ಸುತ್ತ ಹೊಳೆಯುವ ಚರ್ಮ. ಏಳು ವರ್ಷದವರಿದ್ದಾಗ ಆದದ್ದಂತೆ. "ಯಾವ ಜಾತಿ ಅಂತ ಅವತ್ತು ಯಾರೂ ಕೇಳಲಿಲ್ಲ. ನಮ್ಮನೆ ನಾಯೀನೇ."

ನನ್ನ ಹಾಳೆಗಳನ್ನು ಮಡಚಿ ಇಟ್ಟುಕೊಂಡೆ. ಆ ಕಾಲಿಗೆ ಉತ್ತರ ಅವುಗಳಲ್ಲಿ ಇರಲಿಲ್ಲ.

ಮನೆಗೆ ಬಂದು ಮೂರನೇ ಹಾಳೆಯನ್ನು ಮತ್ತೆ ಓದಿದೆ. ಅಮೆರಿಕದಲ್ಲಿ 2000ದಿಂದ 2009ರವರೆಗೆ ನಾಯಿ ಕಡಿತದಿಂದ ಆದ 256 ಸಾವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ತಳಿ ಯಾವುದು ಎಂದು ಖಚಿತವಾಗಿ ಹೇಳಲು ಆದದ್ದು 45 ಪ್ರಕರಣಗಳಲ್ಲಿ ಮಾತ್ರ. ಸಭೆಯಲ್ಲಿ ನಾನು ಓದಿ ಹೇಳಿದ್ದು ಅದೊಂದನ್ನೇ. ಅದರ ಕೆಳಗೆ ಇದ್ದ ಸಾಲುಗಳನ್ನು ಬಿಟ್ಟಿದ್ದೆ: 223 ಪ್ರಕರಣಗಳಲ್ಲಿ ತಡೆಯಬಲ್ಲ ಶಕ್ತಿಯಿರುವ ಒಬ್ಬರೂ ಹತ್ತಿರ ಇರಲಿಲ್ಲ, 216ರಲ್ಲಿ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿರಲಿಲ್ಲ, 195ರಲ್ಲಿ ನಾಯಿ ಮನುಷ್ಯರ ಒಡನಾಟವಿಲ್ಲದೆ ಬೇರೆ ಕಡೆ ಬಿದ್ದಿತ್ತು. ಇವೆಲ್ಲ ನಾಯಿಯನ್ನು ಸಾಕಿದವರ ಕೈಯಲ್ಲಿರುವ ಸಂಗತಿಗಳು. ತಳಿಯ ತಪ್ಪಲ್ಲ ಅಂತ ನಾನು ವಾದಿಸುವುದಾದರೆ, ಆ ಹೊಣೆ ನೇರವಾಗಿ ನನ್ನ ಹೆಗಲಿಗೆ ಬರುತ್ತದೆ. ಅದನ್ನು ಹೊತ್ತುಕೊಂಡಿದ್ದೇನೆ ಅಂತ ಅಕ್ಕಪಕ್ಕದವರಿಗೆ ಕಾಣುವುದಾದರೂ ಹೇಗೆ?

ಪಶುವೈದ್ಯೆ ಕುಕ್ಕೆಯ ಮಾತು ಎತ್ತಿದಾಗ ನನಗೆ ಅಳು ಬಂತು. ಮಾಡದ ತಪ್ಪನ್ನು ಒಪ್ಪಿಕೊಂಡ ಹಾಗಲ್ಲವೇ ಅಂದೆ. ಅವರು, "ಇವಳಿಗೆ ಒಂದು ದಿನ ಕಾಲು ಮುರಿದರೆ ಇಲ್ಲಿಗೆ ತರ್ತೀರಿ. ನೋವಲ್ಲಿ ಯಾವ ನಾಯಿ ಬೇಕಾದರೂ ಕಚ್ಚುತ್ತೆ. ಆಗ ನಾನು ಬಲವಂತವಾಗಿ ಹಾಕಬೇಕಾಗುತ್ತೆ. ಈಗಲೇ ಕಲಿಸಿಟ್ಟರೆ ಅವಳಿಗೇ ಒಳ್ಳೆಯದು" ಅಂದರು. ನೆರೆಯವರಿಗಾಗಿ ಅಲ್ಲದಿದ್ದರೂ ಅವಳಿಗಾಗಿಯಾದರೂ ಬೇಕು ಅನ್ನುವುದು ಆಗ ಮನಸ್ಸಿಗೆ ಇಳಿಯಿತು.

ಮೊದಲು ತಂದದ್ದು ಬಟ್ಟೆಯದು, ಮೂತಿಯ ಸುತ್ತ ಬಿಗಿಯುವ ಕೊಳವೆಯಂಥದ್ದು. ಅಗ್ಗ, ಹಗುರ, ನೋಡಲು ಅಷ್ಟು ಭಯಂಕರವೂ ಅಲ್ಲ. ದಯವಿಟ್ಟು ಅದನ್ನು ವಾಕಿಂಗ್‌ಗೆ ಹಾಕಬೇಡಿ. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ಬಾಯಿ ತೆರೆದು ನಾಲಿಗೆ ಚಾಚಿ ತೇಕುವುದರಿಂದ. ಬಾಯಿ ಬಿಗಿದರೆ ಬಿಸಿಲಲ್ಲಿ ಕೆಲವೇ ನಿಮಿಷಕ್ಕೆ ಮೈ ಕಾದು ಪ್ರಾಣಕ್ಕೇ ಸಂಚಕಾರ. ಆಸ್ಪತ್ರೆಯಲ್ಲಿ ಉಗುರು ಕತ್ತರಿಸುವ ಎರಡು ನಿಮಿಷಕ್ಕೆ ಅದು ಸರಿ, ಬೇರೆ ಯಾವುದಕ್ಕೂ ಅಲ್ಲ.

ಬುಟ್ಟಿಯ ಬಗೆಯಲ್ಲಿ ಬಾಯಿ ಪೂರ್ತಿ ತೆರೆಯಬಹುದು, ನೀರು ಕುಡಿಯಬಹುದು, ಸಂದಿಯಿಂದ ತಿಂಡಿ ತೆಗೆದುಕೊಳ್ಳಬಹುದು. ಆದರೆ ಇದೆಲ್ಲ ಅಳತೆ ಸರಿಯಿದ್ದರೆ ಮಾತ್ರ, ಮತ್ತು ಅಳತೆಯಲ್ಲೇ ಹೆಚ್ಚಿನವರು ಸೋಲುವುದು. ನನಗೆ ಸಿಕ್ಕ ಅಳತೆಪಟ್ಟಿಯಲ್ಲಿ ಬಾಯಿ ಮುಚ್ಚಿದಾಗಿನ ಸುತ್ತಳತೆ ಕೇಳಿದ್ದರು. ಮಲ್ಲಿಯದು 30 ಸೆಂಟಿಮೀಟರ್. ಆ ಲೆಕ್ಕದಲ್ಲಿ ತರಿಸಿದರೆ ಬಾಯಿ ಅರ್ಧವೂ ತೆರೆಯಲಾಗದು. ವಾಪಸು ಕಳಿಸಿದೆ, ಬದಲಿ ಬರಲು ಮೂರು ವಾರ ಕಾದೆ. ಎರಡನೇ ಸಲ ಅವಳ ಬಾಯಿಗೆ ಟೆನಿಸ್ ಚೆಂಡು ಕೊಟ್ಟು, ಕಚ್ಚಿ ಹಿಡಿದಿರುವಾಗ ಟೇಪು ಸುತ್ತಿದೆ: 39 ಸೆಂಟಿಮೀಟರ್. ಕೊಳ್ಳಬೇಕಾದದ್ದು ಆ ಅಳತೆಗೆ. ಉದ್ದವನ್ನು ಕಣ್ಣಿನ ಸ್ವಲ್ಪ ಕೆಳಗಿನಿಂದ ಮೂಗಿನ ತುದಿಯವರೆಗೆ ಅಳೆಯಿರಿ, ಮೂಗಿನ ಮುಂದೆ ಒಂದು ಬೆರಳಗಲ ಜಾಗ ಬಿಡಿ, ಮೇಲಂಚು ಕಣ್ಣಿಗೆ ತಾಗಬಾರದು.

ರಬ್ಬರ್ ಮೊದಲು ಗಡುಸಾಗಿತ್ತು. ಬಿಸಿನೀರಲ್ಲಿ ಕೆಲವು ನಿಮಿಷ ಮುಳುಗಿಸಿ, ಕೈಯಲ್ಲಿ ಅಗಲಿಸಿ ಹಿಡಿದು ತಣ್ಣೀರಿಗೆ ಹಾಕಿದರೆ ಆ ಆಕಾರಕ್ಕೇ ನಿಲ್ಲುತ್ತದೆ. ಹೀಗೆ ಎರಡು ಸಲ ಮಾಡಿದ ಮೇಲೆ ಅವಳ ಅಗಲ ಕೆನ್ನೆಗೆ ಸರಿಯಾಗಿ ಕೂತಿತು. ತಂತಿಯ ಕುಕ್ಕೆಯಲ್ಲಿ ಈ ಅನುಕೂಲ ಇಲ್ಲ, ಗಾಳಿ ಮಾತ್ರ ಇನ್ನೂ ಚೆನ್ನಾಗಿ ಆಡುತ್ತದೆ.

ಇನ್ನು ಕಲಿಸುವುದು. ಇಲ್ಲಿ ಆತುರಪಟ್ಟರೆ ಎಲ್ಲ ಹಾಳು. ಐದು ವಾರ ಹಿಡಿಯಿತು, ಒಂದು ದಿನವೂ ನಾನಾಗಿ ಅದನ್ನು ಅವಳ ಮುಖಕ್ಕೆ ಒತ್ತಲಿಲ್ಲ. ಬಟ್ಟಲಿನ ಹಾಗೆ ಅಂಗೈಯಲ್ಲಿ ಹಿಡಿದು, ಒಳಗೆ ಮುಂಭಾಗಕ್ಕೆ ಪೀನಟ್ ಬಟರ್ ಸವರಿ ಸುಮ್ಮನೆ ಕೂರುತ್ತಿದ್ದೆ. (ಡಬ್ಬಿಯ ಮೇಲೆ ಕ್ಸೈಲಿಟಾಲ್ ಅಂತ ಇದ್ದರೆ ಅದನ್ನು ನಾಯಿಗೆ ಕೊಡಲೇಬೇಡಿ, ಅದು ಅವುಗಳಿಗೆ ವಿಷ.) ಮೂರನೇ ದಿನ ಅವಳೇ ಮೂತಿ ತೂರಿಸಿದಳು. ನೆಕ್ಕಿ ಮುಗಿಸಿ ಹೊರಗೆ ತೆಗೆದಳು, ನನ್ನನ್ನು ನೋಡಿದಳು, ಮತ್ತೆ ತೂರಿಸಿದಳು.

ತೊಡಕಾದದ್ದು ಬಕಲ್ ಹಂತದಲ್ಲಿ. ಕಿವಿಯ ಹಿಂದೆ ಅದು 'ಟಕ್' ಅಂದ ಕೂಡಲೇ ಬೆಚ್ಚಿ, ಬಾಲ ಮಡಚಿಕೊಂಡು ಮಂಚದ ಕೆಳಗೆ ಹೋದಳು. ಹಿಂದಿನ ಮನೆಯಲ್ಲಿ ಆ ಸದ್ದಿಗೂ ಏನಾದರೂ ನಂಟಿತ್ತೋ ಏನೋ ಅಂತ ಹೊಟ್ಟೆ ಕಿವುಚಿದ ಹಾಗಾಯಿತು. ಆಮೇಲೆ ನಾಲ್ಕು ದಿನ ಕುಕ್ಕೆಯನ್ನು ಅವಳ ಹತ್ತಿರಕ್ಕೇ ಒಯ್ಯಲಿಲ್ಲ. ಕೋಣೆಯ ಆ ತುದಿಯಲ್ಲಿ ಕೂತು ಬಕಲ್ ಟಕ್ ಅನ್ನಿಸುವುದು, ಒಂದು ಚೂರು ತಿಂಡಿ ಎಸೆಯುವುದು, ಟಕ್, ತಿಂಡಿ, ಟಕ್, ತಿಂಡಿ. ಐದನೇ ದಿನ ನಾನು ಬೇರೆ ಏನೋ ಕೆಲಸದಲ್ಲಿ ಕೈಚೀಲದ ಬಕಲ್ ಹಾಕಿದೆ, ಇವಳು ಅಡುಗೆಮನೆಯಿಂದ ಓಡಿ ಬಂದು ಎದುರು ಕೂತಳು. ಆಗ ಗೊತ್ತಾಯಿತು, ಮುಂದೆ ಹೋಗಬಹುದು ಅಂತ. ಈಗ ಕುಕ್ಕೆಯನ್ನು ಗೂಟದಿಂದ ತೆಗೆದರೆ ಸಾಕು, ಬಾಗಿಲ ಬಳಿ ಕುಣಿಯುತ್ತಾಳೆ. ಅವಳ ಪಾಲಿಗೆ ಅದು ಹೊರಗೆ ಹೋಗುವ ಗುರುತು.

ಹೊರಗಿನವರ ಪ್ರತಿಕ್ರಿಯೆ ಒಂದೇ ತೆರನಾಗಿರಲಿಲ್ಲ. ಮೊದಲ ವಾರ ಕೆಲವರು ಇನ್ನೂ ಹೆಚ್ಚು ಹೆದರಿದರು. "ಕುಕ್ಕೆ ಹಾಕಿದಾರೆ ಅಂದ್ರೆ ಯಾರನ್ನೋ ಕಚ್ಚಿರಬೇಕು" ಅನ್ನುವ ಪಿಸುಮಾತು ನನ್ನ ಕಿವಿಗೆ ಬಿತ್ತು. ಅದಕ್ಕೆ ಒಂದು ಮಾತು ಸಿದ್ಧ ಮಾಡಿಟ್ಟುಕೊಂಡೆ. ಯಾರು ಕೇಳಿದರೂ ಅದೇ ಮಾತು, ಅದೇ ದನಿ: "ಇಲ್ಲ, ಇವಳು ಕಚ್ಚಿಲ್ಲ. ನಿಮಗೆ ನಿಶ್ಚಿಂತೆ ಇರಲಿ ಅಂತ ಹಾಕಿದೀನಿ." ಜೊತೆಗೆ ಅಧ್ಯಯನದ ಅಂಕಿ ಇಲ್ಲ, ತಳಿಯ ಚರಿತ್ರೆ ಇಲ್ಲ. ಕುತೂಹಲದಿಂದ ಮತ್ತೆ ಕೇಳಿದವರಿಗೆ ಮಾತ್ರ ಮುಂದಿನದನ್ನು ಹೇಳುತ್ತೇನೆ: ಜರ್ಮನಿಯ ರಾಟ್‌ವೈಲ್ ಪಟ್ಟಣದ ಕಟುಕರ ಜೊತೆ ದನ ಅಟ್ಟಿಕೊಂಡು ಹೋಗುತ್ತಿದ್ದ ನಾಯಿಗಳು ಇವು, ಹೆಸರೂ ಆ ಊರಿನದೇ ಅಂತ. ಮೊದಲ ಮಹಡಿಯ ಹುಡುಗಿ ಒಂದು ದಿನ ನನ್ನನ್ನು ತಡೆದು "ಆಂಟಿ, ಇದಕ್ಕೆ ಉಸಿರು ಕಟ್ಟಲ್ವಾ?" ಅಂತ ಕೇಳಿದಳು. ಮಲ್ಲಿಯನ್ನು ಕೂರಿಸಿ, ಬುಟ್ಟಿಯ ಒಳಗೆ ನಾಲಿಗೆ ಚಾಚಿದ್ದನ್ನು ತೋರಿಸಿದೆ. ಹುಡುಗಿ ಬಗ್ಗಿ, ದೂರದಿಂದಲೇ, ಬಹಳ ಹೊತ್ತು ನೋಡಿದಳು.

ನಮ್ಮಂಥವರು ಮಾಡುವ ಇನ್ನೊಂದು ತಪ್ಪನ್ನು ಇಲ್ಲೇ ಹೇಳಿಬಿಡುತ್ತೇನೆ. ಹೆದರುವವರಿಗೆ ಧೈರ್ಯ ತುಂಬುವ ಭರದಲ್ಲಿ "ಏನೂ ಮಾಡಲ್ಲ, ಮುಟ್ಟಿ ನೋಡಿ" ಅನ್ನುತ್ತೇವೆ. ಈ ತಳಿಗಳು ಹಿಂದೆ ಮಕ್ಕಳನ್ನು ನೋಡಿಕೊಳ್ಳುವ ದಾದಿ ನಾಯಿಗಳಾಗಿದ್ದವು ಅನ್ನುವ ಕಥೆ ಪಿಟ್‌ಬುಲ್ ಪ್ರೇಮಿಗಳಲ್ಲಿ ಓಡಾಡುತ್ತದೆ. ಅದಕ್ಕೆ ಆಧಾರವಿಲ್ಲ, ಮತ್ತು ಅದನ್ನು ನಂಬಿ ಮಗುವನ್ನೂ ನಾಯಿಯನ್ನೂ ಒಂದೇ ಕೋಣೆಯಲ್ಲಿ ಬಿಟ್ಟು ಹೋಗುವುದು ಯಾವ ತಳಿಗಾದರೂ ಅಪಾಯ. 38 ಕಿಲೋದ ನಾಯಿ ಕಚ್ಚಿದರೆ ಆಗುವ ಗಾಯ, ಐದು ಕಿಲೋದ ನಾಯಿಯ ಗಾಯದಂತಲ್ಲ. ಇದನ್ನು ಒಪ್ಪಿಕೊಂಡರೆ ಮಲ್ಲಿಗೆ ದ್ರೋಹ ಬಗೆದ ಹಾಗೆ ಆಗುವುದಿಲ್ಲ. ಕುಕ್ಕೆ ಇದ್ದರೂ ಅಪರಿಚಿತರು ತಲೆ ಸವರಲು ನಾನು ಬಿಡುವುದಿಲ್ಲ, ಯಾಕೆಂದರೆ ಅವಳಿಗೆ ಅದು ಇಷ್ಟವಿಲ್ಲ.

ಹಳದಿ ಪಟ್ಟಿಯನ್ನೂ ಬಳಸಿ ನೋಡಿದ್ದೇನೆ. ಲೀಶಿಗೆ ಹಳದಿ ಕಟ್ಟಿದರೆ 'ಈ ನಾಯಿಗೆ ಸ್ವಲ್ಪ ಜಾಗ ಬಿಡಿ' ಅಂತ ಅರ್ಥ. ಸ್ವೀಡನ್, ಕೆನಡಾಗಳಿಂದ ಹಬ್ಬಿದ ರೂಢಿ. ಒಳ್ಳೆಯ ವಿಚಾರವೇ. ಆದರೆ ನಾನು ಕಂಡ ಹಾಗೆ ಹತ್ತರಲ್ಲಿ ಒಂಬತ್ತು ಜನ ಅದನ್ನು ಅಲಂಕಾರ ಅಂದುಕೊಂಡು ಇನ್ನೂ ಹತ್ತಿರ ಬರುತ್ತಾರೆ. ಕುಕ್ಕೆಗೆ ಯಾರಿಗೂ ಅರ್ಥ ಹೇಳಬೇಕಿಲ್ಲ.

ಕೊರತೆಗಳು ಇವೆ. ಹೊಸದರಲ್ಲಿ ಟೈರಿನಂಥ ವಾಸನೆ ಹತ್ತು ದಿನ ಹೋಗಲಿಲ್ಲ. ಮೂಗಿನ ಮೇಲ್ಭಾಗದಲ್ಲಿ ಉಜ್ಜಿ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಕೂದಲು ಹೋಯಿತು, ಅಲ್ಲಿಗೆ ಮೆತ್ತನೆ ಉಣ್ಣೆ ಬಟ್ಟೆ ಹೊಲಿದ ಮೇಲೆ ಮತ್ತೆ ಬಂತು. ಹುಲ್ಲಲ್ಲಿ ಮೂಸುತ್ತಾ ಹೋದರೆ ಬುಟ್ಟಿಯ ಮುಂಭಾಗ ಕಸ ತುಂಬುತ್ತದೆ. ಜೊಲ್ಲು ಒಣಗಿ ಮೂಲೆಗಳಲ್ಲಿ ಅಂಟುತ್ತದೆ, ದಿನಾ ತೊಳೆಯಲೇಬೇಕು. ಖುಷಿಯಲ್ಲಿ ಅವಳು ಮೂತಿಯಿಂದ ಗುದ್ದಿದರೆ ನನ್ನ ಮೊಣಕಾಲು ನೀಲಿಗಟ್ಟುತ್ತದೆ. ಸಂದಿ ದೊಡ್ಡದಿರುವ ಕಾರಣ ಮುಂದಿನ ಹಲ್ಲಿನಿಂದ ಚಿವುಟುವುದನ್ನು ಇದು ಪೂರ್ತಿ ತಡೆಯುವುದಿಲ್ಲ. ನಿಜಕ್ಕೂ ಕಚ್ಚುವ ಅಭ್ಯಾಸವಿರುವ ನಾಯಿಗೆ ತಂತಿಯದೇ ವಾಸಿ. ಹಣೆಯ ಮೇಲಿನಿಂದ ಹೋಗುವ ಪಟ್ಟಿ ಇಲ್ಲದಿದ್ದರೆ ಎರಡು ಮುಂಗಾಲಲ್ಲಿ ಕೆರೆದು ತೆಗೆದುಬಿಡುತ್ತವೆ, ಆ ಪಟ್ಟಿ ಇರುವುದನ್ನೇ ಕೊಳ್ಳಿ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಮಾತ್ರ ಬೇರೆ. ನಾಯಿ ತನ್ನ ಕಸಿವಿಸಿಯನ್ನು ಮುಖದಲ್ಲೇ ಹೇಳುತ್ತದೆ: ತುಟಿ ನೆಕ್ಕುತ್ತದೆ, ನಿದ್ದೆ ಬಾರದೆಯೂ ಆಕಳಿಸುತ್ತದೆ, ಬಾಯಿ ತಟ್ಟನೆ ಮುಚ್ಚುತ್ತದೆ. ಕುಕ್ಕೆ ಆ ಮಾತುಗಳಲ್ಲಿ ಅರ್ಧವನ್ನು ಮುಚ್ಚಿಬಿಡುತ್ತದೆ. ಈಗ ನಾನು ಅವಳ ಕಿವಿಯನ್ನು, ಕಣ್ಣಂಚಿನ ಬಿಳಿಯನ್ನು, ನಡಿಗೆ ಬಿಗಿಯಾಗುವುದನ್ನು ನೋಡಿ ತಿಳಿಯಬೇಕು. ಕುಕ್ಕೆ ಹಾಕಿದೆ ಅಂತ ಲೀಶ್ ಹಿಡಿದು ಫೋನ್ ನೋಡುತ್ತಾ ನಡೆಯುವವರಿಗೆ ಇದು ಬೇಡ. ಮನೆಯಲ್ಲಿ ಒಂಟಿಯಾಗಿ ಬಿಟ್ಟು ಹೋಗುವಾಗ ಹಾಕುವವರಿಗೂ ಬೇಡ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಬಿಡಿಸುವವರು ಇರುವುದಿಲ್ಲ. ಬೊಗಳುವುದನ್ನು ನಿಲ್ಲಿಸಲಂತೂ ಖಂಡಿತ ಬೇಡ.

ಕಾನೂನೇ ಕುಕ್ಕೆ ಹಾಕಿಸುವ ಕಡೆಯೂ ಇದೆ. ಬ್ರಿಟನ್ 1991ರಲ್ಲಿ ಪಿಟ್‌ಬುಲ್ ಟೆರಿಯರ್ ಸೇರಿ ನಾಲ್ಕು ಬಗೆಯ ನಾಯಿಗಳನ್ನು ನಿಷೇಧಿಸಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2023ರ ಡಿಸೆಂಬರ್ 31ರಿಂದ ಎಕ್ಸ್‌ಎಲ್ ಬುಲ್ಲಿ ಅನ್ನುವ ದೊಡ್ಡ ಗಾತ್ರದ ಬಗೆಯ ನಾಯಿಗಳಿಗೂ ಹೊರಗೆ ಮಝಲ್, ಲೀಶ್ ಕಡ್ಡಾಯವಾಯಿತು. ನೆದರ್ಲೆಂಡ್ಸ್ 1993ರಲ್ಲಿ ಪಿಟ್‌ಬುಲ್ ನಿಷೇಧ ತಂದು, ಕಡಿತಗಳು ಕಡಿಮೆಯಾಗಲಿಲ್ಲ ಅಂತ 2008ರಲ್ಲಿ ಅದನ್ನು ಕೈಬಿಡಲು ತೀರ್ಮಾನಿಸಿತು. ತಲೆಯ ಅಗಲ ನೋಡಿ ಕುಕ್ಕೆ ಹಾಕಿಸುವುದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ನಾನಾಗಿ ಹಾಕಿದ್ದಕ್ಕೂ ಹಾಕಿಸಿಕೊಂಡದ್ದಕ್ಕೂ ಬಹಳ ಅಂತರವಿದೆ. ಮಲ್ಲಿ ತಾನಾಗಿ ಮೂತಿ ತೂರಿಸಿದ ಆ ಮೂರನೇ ದಿನವನ್ನು ಕಂಡವರಿಗೆ ಅದು ಗೊತ್ತಾಗುತ್ತದೆ.

ಎರಡನೇ ಮಹಡಿಯ ಹಿರಿಯರು ಈಗಲೂ ಹೆದರುತ್ತಾರೆ. ಮೊದಲೆಲ್ಲ ನಮ್ಮನ್ನು ಕಂಡರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಿದ್ದರು, ಆ ಕಾಲಿನಲ್ಲಿ. ಅದನ್ನು ನೋಡಲಾಗದೆ ನಾವೇ ಮೆಟ್ಟಿಲು ಹಿಡಿದೆವು, ಐದು ಮಹಡಿ. ಆರನೇ ತಿಂಗಳಲ್ಲಿ ಒಂದು ಸಂಜೆ ಜೋರು ಮಳೆ, ನಾವಿಬ್ಬರೂ ತೊಯ್ದು ಒಳಗೆ ಬಂದೆವು. ಅವರು ಲಿಫ್ಟಿನೊಳಗೆ ಇದ್ದರು. ಮಲ್ಲಿಯ ಮುಖ ನೋಡಿದರು, ಬಕಲ್ ನೋಡಿದರು. "ಬಾಮ್ಮಾ, ನೀನು ಆ ಮೂಲೆಗೆ ನಿಲ್ಲು. ನಾನು ಈ ಮೂಲೆಗೆ ನಿಲ್ತೀನಿ" ಅಂದರು. ಮಲ್ಲಿಯನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ನಡುವೆ ನಾನು ನಿಂತೆ. ಎರಡು ಮಹಡಿ. ಅವರ ಕೈ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು, ಇಳಿಯುವಾಗ ಸಡಿಲವಾಯಿತು. "ಸದ್ದೇ ಮಾಡಲ್ಲ" ಅಂದರು ನನಗೆ, ಬಾಗಿಲು ಮುಚ್ಚುವ ಮುಂಚೆ. ಆ ಹದಿನಾಲ್ಕು ಸಹಿಯ ಪತ್ರವನ್ನು ಆಮೇಲೆ ಯಾರೂ ಎತ್ತಲಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದನ್ನು ಕಳೆದದ್ದು ಅಳತೆಪಟ್ಟಿಗೂ ಕುತ್ತಿಗೆ ಪಟ್ಟಿಯ ಹೊಲಿಗೆಗೂ. ಆರೂವರೆ ತಿಂಗಳಿಗೆ ಬಕಲ್ ಹತ್ತಿರ ದಾರ ಬಿಚ್ಚಿಕೊಂಡಿತು. ವಾರಕ್ಕೊಮ್ಮೆ ಆ ಜಾಗವನ್ನು ಎಳೆದು ನೋಡುತ್ತಿರಿ. ಹೊಸದನ್ನು ತರಿಸುವ ಬದಲು ಚಪ್ಪಲಿ ಹೊಲಿಯುವವರ ಹತ್ತಿರ ಒಯ್ದೆ. ಅವರು ಅದನ್ನು ತಿರುಗಿಸಿ ನೋಡಿ ಯಾವ ನಾಯಿಯದು ಅಂತ ಕೇಳಿದರು, ಹೇಳಿದೆ. "ಆ ಜಾತೀದಾ?" ಅಂದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎರಡು ಸಾಲು ದಪ್ಪ ದಾರದ ಹೊಲಿಗೆ ಹಾಕಿ, ತುದಿಗೆ ಒಂದು ಹಿತ್ತಾಳೆ ರಿವೆಟ್ ಬಡಿದು, ಅದರ ಒಳಬದಿ ನಾಯಿಯ ಕತ್ತಿಗೆ ಚುಚ್ಚದ ಹಾಗೆ ತೊಗಲಿನ ಚೂರೊಂದನ್ನು ಅಂಟಿಸಿ ಕೊಟ್ಟರು. ಮೂರು ತಿಂಗಳು ದಾಟಿತು, ಇನ್ನೂ ಅಲ್ಲಾಡಿಲ್ಲ.